ಕಮಾಂಡ್ ಲೈನ್ ಕೈಪಿಡಿಯ ಮೊದಲ ಉದಾಹರಣೆ ಹೊಸಬರಿಗಾಗಿ ಇರಲಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಈಚೆಗೆ ಲಿನಕ್ಸ್ ಬಳಕೆಯ ಕುರಿತು ಲೇಖನಗಳು ಬರುತ್ತಿರುವುದು ಸ್ವಾಗತಾರ್ಹ. ಅವುಗಳಲ್ಲಿ ಬಹುತೇಕ ಎಲ್ಲವೂ ‘ಹೆಚ್ಚಿನ ವಿವರಗಳಿಗೆ ಮ್ಯಾನ್ ಪೇಜ್ ನೋಡಿ’ ಎಂಬ ಸಲಹೆಯೊಂದಿಗೆ ಮುಗಿಯುತ್ತವೆ. ಮ್ಯಾನ್ ಪೇಜ್ ಎಂದರೆ ಪ್ರತಿ ಕಮಾಂಡಿನ ಬಗ್ಗೆ ಕಂಪ್ಯೂಟರಿನೊಳಗೇ ಸಿಗುವ ಕೈಪಿಡಿಯ ಪುಟ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿನಕ್ಸ್‌ನ ಮೂಲಮಾದರಿಯಾದ ಯೂನಿಕ್ಸ್ ಕಲಿಸುವ ನನಗೆ ಆ ಸಲಹೆಯ ಬಗ್ಗೆ ತಕರಾರಿಲ್ಲ. ಆದರೆ ಅದನ್ನು ನಂಬಿ ಮ್ಯಾನ್ ಪೇಜ್ ತೆರೆದ ಹೊಸಬರ ಕಣ್ಣಿಗೆ ಮೊದಲು ಬೀಳುವುದೇನು ಎಂಬುದನ್ನು ಯಾರಾದರೂ ಹೇಳಬೇಕಾಗಿದೆ. ಪಠ್ಯವನ್ನು ಹುಡುಕುವ ಗ್ರೆಪ್, ವಿಂಗಡಿಸುವ ಸಾರ್ಟ್, ಮರುಕಳಿಸಿದ ಸಾಲುಗಳನ್ನು ಒಂದಾಗಿಸುವ ಯುನೀಕ್, ಅಕ್ಷರಗಳನ್ನು ಬದಲಿಸುವ ಟಿಆರ್, ಪಠ್ಯವನ್ನು ತಿದ್ದುವ ಸೆಡ್ ಮೊದಲಾದ ಕಮಾಂಡ್‌ಗಳ ವಿಷಯದಲ್ಲಂತೂ ಇದು ಜರೂರಿನ ಮಾತು. ಕೈಪಿಡಿಯಲ್ಲಿ ಬರುವ ಮೊದಲ ಉದಾಹರಣೆ ಒಂದೇ ಕೆಲಸ ಮಾಡಬೇಕು, ಒಳಗೆ ಹೋದ ಪಠ್ಯವನ್ನೂ ಹೊರಗೆ ಬಂದ ಪಠ್ಯವನ್ನೂ ಒಟ್ಟಿಗೆ ತೋರಿಸಬೇಕು, ಮತ್ತು ಓದುಗರು ಫಲಿತಾಂಶವನ್ನು ಬರಿಗಣ್ಣಿನಿಂದ ತಾಳೆ ನೋಡುವಷ್ಟು ಚಿಕ್ಕದಾಗಿರಬೇಕು ಎಂಬುದು ನನ್ನ ವಾದ. (ಈ ಪತ್ರದಲ್ಲಿ ಕಮಾಂಡ್‌ಗಳ ಚಿಹ್ನೆಗಳನ್ನು ಚಿಹ್ನೆಗಳಾಗಿ ಬರೆಯದೆ ಹೆಸರಿನಿಂದಲೇ ಹೇಳಿದ್ದೇನೆ. ಅದಕ್ಕೊಂದು ಕಾರಣವಿದೆ, ಕೊನೆಯಲ್ಲಿ ಬರುತ್ತದೆ.)

ಗ್ನೂ ಗ್ರೆಪ್‌ನ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ರೆಪ್ ಇದೇ) ಮ್ಯಾನ್ ಪೇಜನ್ನೇ ತೆಗೆದುಕೊಳ್ಳೋಣ. ಗ್ರೆಪ್‌ನ ಕೆಲಸ ಸರಳ: ಒಂದು ಕಡತದಲ್ಲಿ ನಾವು ಹೇಳಿದ ಪದವಿರುವ ಸಾಲುಗಳನ್ನೆಲ್ಲ ಎತ್ತಿ ತೋರಿಸುವುದು. ಕಮಾಂಡಿನ ವರ್ತನೆಯನ್ನು ಬದಲಿಸುವ ಆಯ್ಕೆಗಳ ಉದ್ದನೆಯ ವಿವರಣೆ, ಹುಡುಕುವ ಪಠ್ಯದ ಮಾದರಿಯನ್ನು ಚಿಹ್ನೆಗಳಿಂದ ಹೇಳುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳ ವ್ಯಾಕರಣ ಎಲ್ಲವನ್ನೂ ದಾಟಿ ಕೆಳಗಿಳಿದರೆ ಉದಾಹರಣೆ ಎಂಬ ಭಾಗ ಸಿಗುತ್ತದೆ. ಅಲ್ಲಿರುವುದು ಒಂದೇ ಉದಾಹರಣೆ. ಹೆಸರಿನಲ್ಲಿ ಎಲ್ಲಾದರೂ ‘ಜಿ’ ಅಕ್ಷರವಿದ್ದು ‘ಡಾಟ್ ಎಚ್’ ಎಂದು ಕೊನೆಗೊಳ್ಳುವ ಎಲ್ಲ ಕಡತಗಳಲ್ಲಿ, ‘ಎಫ್’ ಅಕ್ಷರವನ್ನು ಹೊಂದಿದ್ದು ‘ಡಾಟ್ ಸಿ’ ಎಂದು ಕೊನೆಗೊಳ್ಳುವ ಸಾಲುಗಳನ್ನು ಅದು ಹುಡುಕುತ್ತದೆ. ಆ ಒಂದೇ ಸಾಲಿನಲ್ಲಿ ನಕ್ಷತ್ರ ಚಿಹ್ನೆ ಮೂರು ಸಲ ಬರುತ್ತದೆ. ಮೊದಲನೆಯದು ಗ್ರೆಪ್‌ಗೆ ಸೇರಿದ್ದು, ಹಿಂದಿನ ಅಕ್ಷರ ಎಷ್ಟು ಸಲವಾದರೂ ಬರಬಹುದು ಎಂಬ ಅರ್ಥದ್ದು. ಉಳಿದೆರಡು ಶೆಲ್‌ಗೆ (ನಾವು ಟೈಪ್ ಮಾಡಿದ ಸಾಲನ್ನು ಓದಿ ಕಮಾಂಡ್ ಓಡಿಸುವ ತಂತ್ರಾಂಶಕ್ಕೆ) ಸೇರಿದವು, ಕಡತದ ಹೆಸರಿನಲ್ಲಿ ಏನು ಬೇಕಾದರೂ ಇರಬಹುದು ಎಂಬ ಅರ್ಥದವು. ಚುಕ್ಕೆಯೂ ಮೂರು ಸಲ ಬರುತ್ತದೆ: ಒಂದು ಕಡೆ ಯಾವುದೇ ಅಕ್ಷರದ ಬದಲಿಗೆ, ಇನ್ನೊಂದು ಕಡೆ ಹಿಂದೆ ಓರೆಗೆರೆ ಹೊತ್ತು ನಿಜವಾದ ಚುಕ್ಕೆಯಾಗಿ, ಮೂರನೆಯ ಕಡೆ ಓರೆಗೆರೆ ಇಲ್ಲದೆಯೇ ನಿಜವಾದ ಚುಕ್ಕೆಯಾಗಿ. ಸಾಲಿನ ಆರಂಭದ ಡಾಲರ್ ಚಿಹ್ನೆ ಟರ್ಮಿನಲ್‌ನ ಪ್ರಾಂಪ್ಟ್, ಅಂದರೆ ಕಮಾಂಡಿಗಾಗಿ ಕಾಯುತ್ತಿರುವ ಗುರುತು, ಅದನ್ನು ಟೈಪ್ ಮಾಡಬಾರದು. ನಡುವೆ ಬರುವ ಡಾಲರ್ ಚಿಹ್ನೆಗೆ ಸಾಲಿನ ಅಂತ್ಯ ಎಂದರ್ಥ, ಅದನ್ನು ಟೈಪ್ ಮಾಡಲೇಬೇಕು. ಇವುಗಳ ಜೊತೆಗೆ ಎರಡು ಅಡ್ಡಗೆರೆಗಳ ಗುರುತೊಂದಿದೆ. ಯಾವುದಾದರೂ ಕಡತದ ಹೆಸರು ಅಡ್ಡಗೆರೆಯಿಂದಲೇ ಶುರುವಾಗಿಬಿಟ್ಟರೆ ಗ್ರೆಪ್ ಅದನ್ನು ಆಯ್ಕೆಯೆಂದು ತಿಳಿಯದಿರಲಿ ಎಂದು. ಕೊನೆಗೆ ಡೆವ್ ನಲ್ ಎಂಬ ಖಾಲಿ ಕಡತ. ಒಂದೇ ಕಡತ ಸಿಕ್ಕಿದರೂ ಅದರ ಹೆಸರು ಮುದ್ರಣವಾಗಲಿ ಎಂದು.

ಇದನ್ನು ಬರೆದವರ ಜಾಣ್ಮೆಯ ಬಗ್ಗೆ ನನಗೆ ಗೌರವವಿದೆ. ಅಲ್ಲಿರುವ ಒಂದೊಂದು ಚಿಹ್ನೆಗೂ ಕಾರಣವಿದೆ, ಕಾರಣವನ್ನು ಅಲ್ಲಿಯೇ ವಿವರಿಸಿದ್ದಾರೆ, ಶೆಲ್‌ನ ನಕ್ಷತ್ರವೂ ಗ್ರೆಪ್‌ನ ನಕ್ಷತ್ರವೂ ಬೇರೆ ಬೇರೆ ಎಂದು ಎಚ್ಚರಿಸಿಯೂ ಇದ್ದಾರೆ. ಆದರೆ ಇಷ್ಟೆಲ್ಲ ಎಚ್ಚರಿಕೆಗಳು ಬೇಕಾಗುವ ಸಾಲು ಯಾರ ಪಾಲಿಗೂ ಮೊದಲ ಉದಾಹರಣೆ ಆಗಲಾರದು. ಡೆವ್ ನಲ್‌ನ ಉಪಾಯವನ್ನೇ ನೋಡಿ: ಅದೇ ಗ್ನೂ ಗ್ರೆಪ್‌ನಲ್ಲಿ ಕಡತದ ಹೆಸರನ್ನು ಕಡ್ಡಾಯವಾಗಿ ಮುದ್ರಿಸುವ ದೊಡ್ಡಕ್ಷರದ ಎಚ್ ಆಯ್ಕೆ ಇದೆ. ಖಾಲಿ ಕಡತದ ಉಪಾಯ ಬೇಕಾಗುವುದು ಆ ಆಯ್ಕೆ ಇಲ್ಲದ ವ್ಯವಸ್ಥೆಗಳಲ್ಲೂ ಸಾಲು ನಡೆಯಬೇಕೆಂಬ ಅನುಭವಿಗಳಿಗೆ. ಟರ್ಮಿನಲ್ ಈಗಷ್ಟೇ ತೆರೆದ ಹುಡುಗಿಗೆ ಬೇಕಾಗಿದ್ದು ‘ಈ ಕಡತದಲ್ಲಿ ಈ ಪದ ಎಲ್ಲಿದೆ’ ಎಂಬುದಷ್ಟೇ.

ಸರಳ ಉದಾಹರಣೆ ಬರೆಯಲು ಬರುವುದಿಲ್ಲವೆಂದಲ್ಲ. ಯೂನಿಕ್ಸ್ ವಂಶದ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಗಳ ಗ್ರೆಪ್ ಪುಟದ ಮೊದಲ ಉದಾಹರಣೆಯಲ್ಲಿ ಒಂದು ಪದ, ಒಂದು ಕಡತ, ಅಷ್ಟೇ ಇವೆ: ಕಡತವೊಂದರಲ್ಲಿ ‘ಪ್ಯಾಟ್ರೀಶಿಯಾ’ ಎಂಬುದನ್ನು ಹುಡುಕುವುದು. ಸಾಲಿನ ಆರಂಭದಲ್ಲಿ ಮಾತ್ರ ಹುಡುಕುವ ವಿಷಯ ಅದರ ಮುಂದಿನ ಉದಾಹರಣೆಗಳಲ್ಲಿ ಬರುತ್ತದೆ. ಗ್ನೂ ಗ್ರೆಪ್‌ನ ದೊಡ್ಡ ಕೈಪಿಡಿಯಲ್ಲಿ, ಬಳಕೆಯ ಅಧ್ಯಾಯದ ಆರಂಭದಲ್ಲೂ ‘ಹಲೋ’ ಆದ ಮೇಲೆ ‘ವರ್ಲ್ಡ್’ ಬರುವ ಸಾಲುಗಳನ್ನು ಹುಡುಕುವ ಸೌಮ್ಯವಾದ ಉದಾಹರಣೆಯೇ ಇದೆ. ಅದು ಹೊಸಬರು ತೆರೆಯುವ ಪುಟದಲ್ಲಿಲ್ಲ ಎಂಬುದಷ್ಟೇ ಕೊರತೆ. ಸಾರ್ಟ್, ಯುನೀಕ್‌ಗಳ ಗ್ನೂ ಮ್ಯಾನ್ ಪೇಜ್‌ಗಳಲ್ಲಂತೂ ಉದಾಹರಣೆ ಎಂಬ ಭಾಗವೇ ಇಲ್ಲ. ಕಮಾಂಡ್ ತಾನೇ ಮುದ್ರಿಸುವ ಚುಟುಕು ಸಹಾಯಪಠ್ಯದಿಂದ ಆ ಪುಟಗಳು ಯಾಂತ್ರಿಕವಾಗಿ ತಯಾರಾಗುತ್ತವೆ.

ಹೀಗಾಗಲು ಚಾರಿತ್ರಿಕ ಕಾರಣವಿದೆ. ಯೂನಿಕ್ಸ್‌ನ ಮೊದಲ ಕೈಪಿಡಿಯನ್ನು ಅದನ್ನು ರೂಪಿಸಿದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರ್‌ನಲ್ಲಿ ಹೊರತಂದಾಗ ಅದರ ಓದುಗರು ಬೆಲ್ ಪ್ರಯೋಗಾಲಯದ ಸಹೋದ್ಯೋಗಿಗಳು. ಅವರಿಗೆ ಕಮಾಂಡ್ ಏನೆಂಬುದು ಗೊತ್ತಿತ್ತು, ಮರೆತ ಆಯ್ಕೆಯನ್ನು ನೆನಪಿಸಿಕೊಳ್ಳಲು ಪುಟ ಬೇಕಿತ್ತು. ಹೊಸಬರಿಗೆ ಆ ಪುಟಗಳು ಸಾಲವೆಂದು ಅಲ್ಲಿದ್ದವರಿಗೂ ತಿಳಿದಿತ್ತು. ಅದಕ್ಕೆಂದೇ ಅಲ್ಲಿಯವರೇ ಆದ ಬ್ರಯಾನ್ ಕರ್ನಿಗನ್ 1970ರ ದಶಕದಲ್ಲಿ ಆರಂಭಿಕರಿಗಾಗಿ ಪ್ರತ್ಯೇಕ ಪಾಠ ಬರೆದರು. ಇಂದು ಅಂಥ ಪಾಠ ಕೈಯಲ್ಲಿಲ್ಲದ ವಿದ್ಯಾರ್ಥಿಗೆ ಕಂಪ್ಯೂಟರಿನೊಳಗೆ ಸಿದ್ಧವಾಗಿ ಸಿಗುವುದು ಮ್ಯಾನ್ ಪೇಜ್ ಒಂದೇ. ಸಹೋದ್ಯೋಗಿಗಳಿಗೆಂದು ಹುಟ್ಟಿದ ಪುಟದ ಮೇಲೆ ಮೇಷ್ಟರ ಹೊಣೆಯೂ ಬಿದ್ದಿದೆ.

ಸರಳಗೊಳಿಸುವುದೆಂದರೆ ಕಷ್ಟವಾದದ್ದನ್ನು ಕಿತ್ತುಹಾಕುವುದು ಎಂದು ತಿಳಿದವರೂ ಇದ್ದಾರೆ. ನಮ್ಮಲ್ಲಿ ಪ್ರಚಲಿತವಿರುವ ಕೆಲವು ನೋಟ್ಸ್‌ಗಳನ್ನು ನೋಡಿದರೆ ಆ ಅಪಾಯವೂ ಕಾಣುತ್ತದೆ. ಯುನೀಕ್ ಕಮಾಂಡ್ ಮರುಕಳಿಸಿದ ಸಾಲುಗಳನ್ನು ತೆಗೆಯುತ್ತದೆ ಎಂದು ಬರೆದು, ಉದಾಹರಣೆಗೆ ಮೊದಲೇ ಅಕಾರಾದಿಯಾಗಿ ಜೋಡಿಸಿಟ್ಟ ಹೆಸರುಗಳ ಪಟ್ಟಿ ಕೊಡುತ್ತಾರೆ. ಫಲಿತಾಂಶ ಸರಿಯಾಗಿಯೇ ಬರುತ್ತದೆ. ಆದರೆ ಯುನೀಕ್ ನೋಡುವುದು ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಎಂಬ, ಆ ಕಮಾಂಡಿನ ಜೀವಾಳವಾದ ಸಂಗತಿಯನ್ನು ಉದಾಹರಣೆ ಬಚ್ಚಿಟ್ಟಿರುತ್ತದೆ. ಮ್ಯಾನ್ ಪೇಜ್ ಕೂಡ ಅದನ್ನು ಮೊದಲ ವಾಕ್ಯದಲ್ಲಿ ಒಂದು ಪದದಲ್ಲಷ್ಟೇ ಸೂಚಿಸಿ, ಬಿಡಿಸಿ ಹೇಳುವುದು ಆಯ್ಕೆಗಳ ಪಟ್ಟಿಯೆಲ್ಲ ಮುಗಿದ ಮೇಲೆ ಒಂದು ಟಿಪ್ಪಣಿಯಾಗಿ.

ಇದರ ಬದಲಿಗೆ ಆರು ಸಾಲುಗಳ ಒಂದು ಕಡತ ಸಾಕು. ಸಾಲಿಗೊಂದರಂತೆ ಹೀಗೆ ಬರೆಯಿರಿ: ರಾಗಿ, ಜೋಳ, ರಾಗಿ, ಭತ್ತ, ರಾಗಿ, ಜೋಳ. ಮೊದಲು ಯುನೀಕ್ ಒಂದನ್ನೇ, ಎಣಿಸುವ ಸಿ ಆಯ್ಕೆಯೊಂದಿಗೆ ಓಡಿಸಿ. ಆರು ಸಾಲುಗಳೂ ಇದ್ದಂತೆಯೇ ಹೊರಬರುತ್ತವೆ, ಪ್ರತಿಯೊಂದರ ಮುಂದೆ 1 ಎಂಬ ಅಂಕಿ. ರಾಗಿ ಮೂರು ಸಲ ಇದ್ದರೂ ಎರಡು ರಾಗಿಗಳು ಎಲ್ಲಿಯೂ ಪಕ್ಕಪಕ್ಕ ಬಂದಿಲ್ಲ. ಈಗ ಅದೇ ಕಡತವನ್ನು ಸಾರ್ಟ್‌ಗೆ ಕೊಟ್ಟು, ಬಂದದ್ದನ್ನು ಪೈಪ್ ಮೂಲಕ ಯುನೀಕ್‌ಗೆ ದಾಟಿಸಿ. 2 ಜೋಳ, 1 ಭತ್ತ, 3 ರಾಗಿ ಎಂದು ಬರುತ್ತದೆ. ಮೂರನೆಯ ಹೆಜ್ಜೆಯಾಗಿ, ಅಂಕಿಯ ಲೆಕ್ಕದಲ್ಲಿ ಇಳಿಕೆಯ ಕ್ರಮಕ್ಕೆ ಇನ್ನೊಮ್ಮೆ ಸಾರ್ಟ್ ಮಾಡಿದರೆ ರಾಗಿ ಮೇಲಕ್ಕೆ ಬರುತ್ತದೆ. ಪ್ರತಿ ಹೆಜ್ಜೆಯಲ್ಲೂ ಉತ್ತರ ಸರಿಯೇ ತಪ್ಪೇ ಎಂದು ಮೂರನೆಯ ತರಗತಿಯ ಮಗುವೂ ಹೇಳಬಲ್ಲದು. ಯುನೀಕ್‌ಗೆ ಮುಂಚೆ ಸಾರ್ಟ್ ಏಕೆ ಎಂಬುದನ್ನು ವಿದ್ಯಾರ್ಥಿಗೆ ಬಾಯಿಪಾಠ ಮಾಡಿಸಬೇಕಾಗಿಲ್ಲ, ಆತ ಕಣ್ಣಾರೆ ಕಂಡಿರುತ್ತಾನೆ. 1973ರಲ್ಲಿ ಬೆಲ್ ಪ್ರಯೋಗಾಲಯದ ಡಗ್ ಮೆಕಿಲ್‌ರಾಯ್ ಅವರ ಒತ್ತಾಯದ ಮೇರೆಗೆ ಥಾಂಪ್ಸನ್ ಯೂನಿಕ್ಸ್‌ಗೆ ಸೇರಿಸಿದ ಪೈಪ್‌ನ ಉಪಯೋಗವೂ ಅದೇ ಆರು ಸಾಲಿನಲ್ಲಿ ಮನದಟ್ಟಾಗುತ್ತದೆ.

ಏನನ್ನು ಮುಂದೂಡಬಹುದು, ಏನನ್ನು ಮುಂದೂಡಬಾರದು ಎಂಬ ವಿವೇಚನೆ ಇಲ್ಲಿ ಮುಖ್ಯ. ಅಡ್ಡಗೆರೆಯಿಂದ ಶುರುವಾಗುವ ಕಡತದ ಹೆಸರು ಅಪರೂಪ, ಗ್ರೆಪ್‌ನಲ್ಲಿ ಅದರಿಂದಾಗುವ ತೊಂದರೆ ಸಾಮಾನ್ಯವಾಗಿ ಒಂದು ವಿಚಿತ್ರ ದೋಷಸಂದೇಶ. ಅದು ಎರಡನೆಯ ಪುಟಕ್ಕೆ ಹೋಗಲಿ. ಆದರೆ ಕಡತವನ್ನು ವಿಂಗಡಿಸಿ ಫಲಿತಾಂಶವನ್ನು ಅದೇ ಕಡತಕ್ಕೆ ಬರೆಯಲು ಹೊರಟರೆ ಆಗುವ ಅನಾಹುತ ಆ ಜಾತಿಯದಲ್ಲ. ಫಲಿತಾಂಶವನ್ನು ಕಡತಕ್ಕೆ ತಿರುಗಿಸುವ ‘ಹೆಚ್ಚು’ (ಗ್ರೇಟರ್ ದ್ಯಾನ್) ಚಿಹ್ನೆಯಿಂದ ಅದೇ ಹೆಸರನ್ನು ಸೂಚಿಸಿದ ಕೂಡಲೇ, ಸಾರ್ಟ್ ಒಂದಕ್ಷರ ಓದುವುದಕ್ಕೂ ಮೊದಲೇ ಶೆಲ್ ಆ ಕಡತವನ್ನು ಬರಿದು ಮಾಡಿರುತ್ತದೆ. ಸಾರ್ಟ್ ಖಾಲಿ ಕಡತವನ್ನು ಶ್ರದ್ಧೆಯಿಂದ ವಿಂಗಡಿಸಿ ಖಾಲಿ ಕಡತವನ್ನೇ ಕೊಡುತ್ತದೆ. ದೋಷಸಂದೇಶವೂ ಇಲ್ಲ, ಹಿಂದಿನ ಸ್ಥಿತಿಗೆ ಮರಳುವ ದಾರಿಯೂ ಇಲ್ಲ. ಇದನ್ನು ಹೊಸಬರೇ ಮಾಡುತ್ತಾರೆ, ಮೊದಲ ದಿನವೇ ಮಾಡುತ್ತಾರೆ. ಏಕೆಂದರೆ ಸಹಜವಾಗಿ ಹೊಳೆಯುವ ದಾರಿಯೇ ಅದು. ಆದ್ದರಿಂದ ಈ ಎಚ್ಚರಿಕೆ ಸಾರ್ಟ್‌ನ ಮೊದಲ ಉದಾಹರಣೆಯ ಪಕ್ಕದಲ್ಲಿಯೇ ಇರಬೇಕು, ಜೊತೆಗೆ ಅದೇ ಕಡತಕ್ಕೆ ಸುರಕ್ಷಿತವಾಗಿ ಬರೆಯಬಲ್ಲ ಓ ಆಯ್ಕೆಯ ಪರಿಚಯವೂ ಇರಬೇಕು. ಹಾಗೆಯೇ ಸೆಡ್ ಕಲಿಸುವಾಗ ಮೂಲ ಕಡತವನ್ನೇ ತಿದ್ದಿಬಿಡುವ ಐ ಆಯ್ಕೆಯಿಂದ ಆರಂಭಿಸುವ ಪಾಠಗಳನ್ನು ನಾನು ಒಪ್ಪುವುದಿಲ್ಲ. ಮೊದಲು ಪರದೆಯ ಮೇಲೆ ಬರಲಿ, ಕಡತ ತನ್ನ ಪಾಡಿಗೆ ಇರಲಿ.

ಇನ್ನೊಂದು ಕಡೆ, ಅನುಭವಿಗಳು ಹೊಸಬರ ಮೇಲೆ ಹೇರುವ ಕೆಲವು ಶಿಸ್ತುಗಳನ್ನು ನಿಶ್ಚಿಂತೆಯಿಂದ ಬಿಡಬಹುದು. ಕ್ಯಾಟ್ ಕಮಾಂಡ್‌ನಿಂದ ಕಡತವನ್ನು ತೆರೆದು ಪೈಪ್ ಮೂಲಕ ಗ್ರೆಪ್‌ಗೆ ಕೊಡುವುದು ಅನಾವಶ್ಯಕ, ಗ್ರೆಪ್ ತಾನೇ ಕಡತವನ್ನು ಓದಬಲ್ಲದು ಎಂದು ಗದರುವುದು ಯೂನಿಕ್ಸ್ ವಲಯದ ಹಳೆಯ ಚಾಳಿ. ಮಾತು ನಿಜವೇ. ಆದರೆ ಪಠ್ಯ ಎಡದಿಂದ ಹೊರಟು ಬಲಕ್ಕೆ ಹರಿಯುತ್ತದೆ ಎಂಬ ಕಲ್ಪನೆ ಮೂಡುವವರೆಗೆ ಆ ಒಂದು ಹೆಚ್ಚಿನ ಕ್ಯಾಟ್‌ನಿಂದ ಯಾರಿಗೂ ನಷ್ಟವಿಲ್ಲ.

ಇನ್ನು, ಕನ್ನಡಿಗರನ್ನು ನೇರವಾಗಿ ತಟ್ಟುವ ಸಂಗತಿಗೆ ಬರುತ್ತೇನೆ. ಪಠ್ಯ ಸಂಸ್ಕರಣೆಯ ಅತ್ಯಂತ ಪ್ರಸಿದ್ಧ ಉದಾಹರಣೆಯೆಂದರೆ ಒಂದು ಬರಹದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವುದು. ಅಮೆರಿಕದ ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಸ್ಥೆಯ ನಿಯತಕಾಲಿಕದ ಅಂಕಣವೊಂದರಲ್ಲಿ 1986ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಇದೇ ಸಮಸ್ಯೆಗೆ ದೀರ್ಘ ಪ್ರೋಗ್ರಾಮ್ ಬರೆದರು. ಅದನ್ನು ವಿಮರ್ಶಿಸಿದ ಮೆಕಿಲ್‌ರಾಯ್ ಆರು ಕಮಾಂಡ್‌ಗಳ ಒಂದು ಸರಪಳಿಯಿಂದ ಅದೇ ಕೆಲಸ ಮಾಡಿ ತೋರಿಸಿದರು. ಆ ಸರಪಳಿಯ ಮೊದಲ ಕೊಂಡಿ, ಇಂಗ್ಲಿಷಿನ ಎ ಯಿಂದ ಝಡ್‌ವರೆಗಿನ ಅಕ್ಷರಗಳಲ್ಲದ ಎಲ್ಲವನ್ನೂ ಹೊಸ ಸಾಲಾಗಿ ಬದಲಿಸುವ ಟಿಆರ್ ಕಮಾಂಡ್. ಅರ್ನಾಲ್ಡ್ ರಾಬಿನ್ಸ್ 1994ರಲ್ಲಿ ಬರೆದ, ಈಗ ಸಾರ್ಟ್, ಯುನೀಕ್, ಟಿಆರ್ ಮೊದಲಾದ ಕಮಾಂಡ್‌ಗಳ ಗ್ನೂ ಕೋರ್‌ಯುಟಿಲ್ಸ್ ಕೈಪಿಡಿಯ ಅಧ್ಯಾಯವಾಗಿರುವ ಲೇಖನದಲ್ಲೂ ಇದೇ ಬಗೆಯ ಸರಪಳಿಯಿದೆ. ಆರಂಭಿಕರಿಗೆ ಇದಕ್ಕಿಂತ ಒಳ್ಳೆಯ ಓದು ಆ ಕೈಪಿಡಿಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಒಂದೊಂದೇ ಕೊಂಡಿಯನ್ನು ಸೇರಿಸುತ್ತ ಹೋಗುವ ತಾಳ್ಮೆ ಅದರಲ್ಲಿದೆ. ಅಲ್ಲಿಯೂ ಒಂದು ಹಂತದಲ್ಲಿ ಅಕ್ಷರ, ಅಂಕಿ, ಅಡಿಗೆರೆ, ಖಾಲಿ ಜಾಗ ಮತ್ತು ಹೊಸ ಸಾಲು ಬಿಟ್ಟು ಉಳಿದೆಲ್ಲವನ್ನೂ ಟಿಆರ್ ಅಳಿಸಿಹಾಕುತ್ತದೆ.

ಇವುಗಳನ್ನು ಕನ್ನಡದ ಕಡತದ ಮೇಲೆ ಪ್ರಯೋಗಿಸಿ ನೋಡಿ. ಗ್ನೂ ಟಿಆರ್ ಒಂದೇ ಬೈಟ್‌ನ ಅಕ್ಷರಗಳನ್ನು ಮಾತ್ರ ಪೂರ್ಣವಾಗಿ ಬೆಂಬಲಿಸುತ್ತದೆ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಸಂಕೇತಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಆದ್ದರಿಂದ ಟಿಆರ್‌ನ ಕಣ್ಣಿಗೆ ನಮ್ಮ ಅಕ್ಷರಗಳು ಅಕ್ಷರಗಳೇ ಅಲ್ಲ. ಮೆಕಿಲ್‌ರಾಯ್ ಸರಪಳಿಗೆ ಅಚ್ಚಗನ್ನಡದ ಒಂದು ಇಡೀ ಗ್ರಂಥವನ್ನು ಕೊಟ್ಟರೂ ಅದೆಲ್ಲವೂ ಒಂದೇ ಒಂದು ಹೊಸ ಸಾಲಾಗಿ ಕುಗ್ಗಿ, ಖಾಲಿ ಪದವೊಂದು ಒಂದು ಸಲ ಬಂದಿದೆ ಎಂಬ ಉತ್ತರ ಬರುತ್ತದೆ. ರಾಬಿನ್ಸ್ ಸರಪಳಿಯಲ್ಲಿ ಪದಗಳೆಲ್ಲ ಅಳಿದು ಅವುಗಳ ನಡುವಿನ ಖಾಲಿ ಜಾಗ ಉಳಿಯುತ್ತದೆ. ದೋಷವೆಂದು ಯಾರೂ ಕೂಗುವುದಿಲ್ಲ. ವಚನಗಳ ಪದಸೂಚಿ ತಯಾರಿಸಬೇಕೆಂದು ಆಸೆಯಿಂದ ಟರ್ಮಿನಲ್ ತೆರೆದ ಸಾಹಿತ್ಯದ ವಿದ್ಯಾರ್ಥಿ ತನಗೇ ಬುದ್ಧಿ ಸಾಲದೆಂದು ಭಾವಿಸಿ ಅದನ್ನು ಮುಚ್ಚುತ್ತಾಳೆ.

ಇಲ್ಲಿಯೇ ಸರಳತೆಯ ಪರವಾದ ಬಲವಾದ ಸಾಕ್ಷ್ಯವೂ ಸಿಗುತ್ತದೆ. ಅಕ್ಷರವಲ್ಲದ್ದನ್ನೆಲ್ಲ ತೆಗೆ ಎಂದು ಸರ್ವಸಮಗ್ರವಾಗಿ ಹೇಳುವ ಬದಲು, ಪೂರ್ಣವಿರಾಮ ಮತ್ತು ಅಲ್ಪವಿರಾಮಗಳನ್ನು ತೆಗೆ ಎಂದಷ್ಟೇ ಟಿಆರ್‌ಗೆ ಹೇಳಿ. ಮುಂದಿನ ಹೆಜ್ಜೆಯಲ್ಲಿ ಖಾಲಿ ಜಾಗವನ್ನು ಹೊಸ ಸಾಲಾಗಿ ಬದಲಿಸು ಎನ್ನಿ. ಆಮೇಲೆ ರಾಗಿ ಜೋಳದ ಕಡತಕ್ಕೆ ಮಾಡಿದಂತೆ ಸಾರ್ಟ್, ಯುನೀಕ್, ಮತ್ತೆ ಸಾರ್ಟ್. ಈ ಸರಪಳಿ ಕನ್ನಡದಲ್ಲಿ ಯಾವ ತೊಡಕೂ ಇಲ್ಲದೆ ನಡೆಯುತ್ತದೆ. ಯುಟಿಎಫ್-8ರಲ್ಲಿ ಚುಕ್ಕೆ, ಅಲ್ಪವಿರಾಮ, ಖಾಲಿ ಜಾಗಗಳ ಬೈಟ್‌ಗಳು ಕನ್ನಡ ಅಕ್ಷರಗಳ ಒಳಗೆ ಎಂದೂ ಬರುವುದಿಲ್ಲವಾದ್ದರಿಂದ, ಟಿಆರ್‌ಗೆ ಕನ್ನಡ ತಿಳಿಯದಿದ್ದರೂ ಅದು ಕನ್ನಡವನ್ನು ಕೆಡಿಸುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ, ಉದ್ಧರಣ ಚಿಹ್ನೆಗಳು ಉಳಿದುಬಿಡುತ್ತವೆ, ನಿಜ. ಅವು ಫಲಿತಾಂಶದಲ್ಲಿ ಕಣ್ಣಿಗೆ ಬಿದ್ದಾಗ ಕಲಿಯುವವರೇ ಅವುಗಳನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಪಾಠ ಮುಂದುವರಿಯುವ ಬಗೆಯೇ ಅದು.

ಗ್ರೆಪ್‌ನ ಚುಕ್ಕೆಗೂ ಇಂಥದೇ ಒಂದು ಮಾತು ಸೇರಬೇಕು. ಚುಕ್ಕೆಯೆಂದರೆ ಯಾವುದಾದರೂ ಒಂದು ಅಕ್ಷರ ಎಂದು ಪುಸ್ತಕಗಳು ಹೇಳುತ್ತವೆ, ಮೂರು ಚುಕ್ಕೆಯಿಟ್ಟು ಮೂರಕ್ಷರದ ಪದಗಳನ್ನು ಹುಡುಕಿಸುತ್ತವೆ. ನಾವು ‘ಕನ್ನಡ’ವನ್ನು ಮೂರು ಅಕ್ಷರವೆಂದು ಎಣಿಸುತ್ತೇವೆ. ಗ್ರೆಪ್ ಅದನ್ನು ಐದೆಂದು ಎಣಿಸುತ್ತದೆ, ಕ, ನ, ಒತ್ತಕ್ಷರವಾಗಿಸುವ ಹಲಂತ ಚಿಹ್ನೆ, ಮತ್ತೆ ನ, ಡ ಎಂದು. ‘ಮನೆ’ ನಮಗೆ ಎರಡಕ್ಷರ, ಗ್ರೆಪ್‌ಗೆ ಮೂರು. ಅಕ್ಷರ, ಬೈಟ್‌ಗಳನ್ನು ಎಣಿಸುವ ಡಬ್ಲ್ಯೂಸಿ ಕಮಾಂಡ್‌ಗೆ ‘ಕನ್ನಡ’ ಎಂಬ ಒಂದೇ ಪದವಿರುವ ಸಾಲನ್ನು ಕೊಟ್ಟರೆ ಎಂ ಆಯ್ಕೆಯಲ್ಲಿ 6, ಸಿ ಆಯ್ಕೆಯಲ್ಲಿ 16 ಎಂದು ಉತ್ತರ ಬರುತ್ತದೆ. ಐದು ಸಂಕೇತ, ಹದಿನೈದು ಬೈಟ್, ಎರಡಕ್ಕೂ ಸಾಲಿನ ಕೊನೆಯ ಗುರುತು ಒಂದು ಹೆಚ್ಚು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಯುನಿಕೋಡ್ ಬಗ್ಗೆ ಪುಟಗಟ್ಟಲೆ ಬರೆಯುವುದು ಉಳಿಯುತ್ತದೆ. ಹಳೆಯ ನುಡಿ ಫಾಂಟ್‌ಗಳಲ್ಲಿ, ಯುನಿಕೋಡ್ ಅಲ್ಲದ ಕ್ರಮದಲ್ಲಿ ಬೆರಳಚ್ಚು ಮಾಡಿದ ಕಡತಗಳಲ್ಲಂತೂ ಕನ್ನಡ ಪದವನ್ನು ಹುಡುಕಿದರೆ ಗ್ರೆಪ್‌ಗೆ ಏನೂ ಸಿಗುವುದಿಲ್ಲ. ಮೊದಲು ಅವು ಯುನಿಕೋಡ್‌ಗೆ ಪರಿವರ್ತನೆಯಾಗಬೇಕು ಎಂದು ಒಂದು ಸಾಲು ಬರೆದರೆ ಸಾಕು.

ಹೀಗಿರುವಾಗ ಕನ್ನಡದಲ್ಲಿ ಕಮಾಂಡ್ ಲೈನ್ ಕುರಿತು ಬರೆಯುವವರು ಇಂಗ್ಲಿಷ್ ಕೈಪಿಡಿಯ ಉದಾಹರಣೆಗಳನ್ನು ಹಾಗೆಯೇ ಎತ್ತಿ ತರಬಾರದೆಂದು ನನ್ನ ಕೋರಿಕೆ. ಫೂ, ಬಾರ್ ಎಂಬ ಕಡತದ ಹೆಸರುಗಳು ಇಂಗ್ಲಿಷ್ ಓದುಗರಿಗೇ ಏನನ್ನೂ ಹೇಳುವುದಿಲ್ಲ, ನಮ್ಮ ಮಕ್ಕಳು ಅವೂ ಕಮಾಂಡ್‌ಗಳೆಂದೇ ತಿಳಿಯುತ್ತಾರೆ. ಮಂಡಿಯ ಧಾರಣೆ, ಬಸ್ಸಿನ ವೇಳಾಪಟ್ಟಿ, ತಾಲ್ಲೂಕುಗಳ ಹೆಸರುಪಟ್ಟಿ ಇವೆಲ್ಲ ಸಾಲು ಸಾಲಾಗಿರುವ, ಕಲಿಯುವವರಿಗೆ ಗುರುತಿರುವ ಪಠ್ಯಗಳು. ಟಿಎಲ್‌ಡಿಆರ್ ಪೇಜಸ್ ಎಂಬ ಸ್ವಯಂಸೇವಕರ ಯೋಜನೆ ಪ್ರತಿ ಕಮಾಂಡಿಗೆ ಎಂಟಕ್ಕಿಂತ ಹೆಚ್ಚು ಉದಾಹರಣೆ ಇರಬಾರದೆಂಬ ನಿಯಮವನ್ನು ತನಗೆ ತಾನೇ ಹಾಕಿಕೊಂಡಿದೆ. ಆ ಮಿತಿ ಅನುಕರಣೀಯ. ಆದರೆ ಅಲ್ಲಿ ಸಾಮಾನ್ಯವಾಗಿ ಕಮಾಂಡ್ ಮಾತ್ರ ಇರುತ್ತದೆ, ಒಳಗೆ ಹೋದದ್ದು ಮತ್ತು ಹೊರಗೆ ಬಂದದ್ದು ಇರುವುದಿಲ್ಲ. ಗೊತ್ತಿದ್ದವರಿಗೆ ನೆನಪೋಲೆಯಾಗಿ ಅದು ಉತ್ತಮ, ಗೊತ್ತಿಲ್ಲದವರಿಗೆ ಇನ್ನೂ ಅರ್ಧ ದಾರಿ ಬಾಕಿಯಿರುತ್ತದೆ.

ಕೊನೆಯದಾಗಿ ನಿಮ್ಮ ಪುಟವಿನ್ಯಾಸ ವಿಭಾಗಕ್ಕೆ ಒಂದು ವಿನಂತಿ. ಅಚ್ಚಿನ ತಂತ್ರಾಂಶಗಳು ನೆಟ್ಟನೆಯ ಉದ್ಧರಣ ಚಿಹ್ನೆಯನ್ನು ತಾವಾಗಿಯೇ ಬಾಗಿದ ಚಿಹ್ನೆಯಾಗಿ, ಎರಡು ಅಡ್ಡಗೆರೆಗಳನ್ನು ಒಂದು ಉದ್ದ ಗೆರೆಯಾಗಿ ಬದಲಿಸುತ್ತವೆ, ಕಾಲಂ ಸಾಲದಿದ್ದರೆ ಕಮಾಂಡನ್ನು ನಡುವೆ ಮುರಿಯುತ್ತವೆ. ಲೇಖನದಲ್ಲಿ ಅದು ಅಂದವಾಗಿಯೇ ಕಾಣುತ್ತದೆ. ಆದರೆ ಬಾಗಿದ ಚಿಹ್ನೆಯನ್ನು ಶೆಲ್ ಉದ್ಧರಣ ಚಿಹ್ನೆಯೆಂದು ಗುರುತಿಸುವುದಿಲ್ಲ, ಉದ್ದ ಗೆರೆಯಿಂದ ಶುರುವಾದ ಆಯ್ಕೆಯನ್ನು ಗ್ರೆಪ್ ಆಯ್ಕೆಯೆಂದು ಒಪ್ಪುವುದಿಲ್ಲ. ನಿಮ್ಮ ಜಾಲತಾಣದಿಂದ ನಕಲು ಮಾಡಿದವರಿಗೂ ಪತ್ರಿಕೆ ನೋಡಿ ಟೈಪ್ ಮಾಡಿದವರಿಗೂ ಸಿಗುವುದು ದೋಷಸಂದೇಶ, ಇಲ್ಲವೇ ತಪ್ಪು ಫಲಿತಾಂಶ. ತಂತ್ರಜ್ಞಾನ ಪುಟದಲ್ಲಿ ಕಮಾಂಡ್‌ಗಳಿಗೆಂದು ಸಮಾನ ಅಗಲದ ಅಕ್ಷರಗಳಿರುವ ಪ್ರತ್ಯೇಕ ಚೌಕಟ್ಟು ಇಟ್ಟು, ಅದರೊಳಗೆ ಈ ತಾನಾಗಿ ತಿದ್ದುವ ಸೌಲಭ್ಯವನ್ನು ಸ್ಥಗಿತಗೊಳಿಸಿ, ಒಂದು ಕಮಾಂಡಿಗೆ ಒಂದೇ ಸಾಲು ಎಂಬ ನಿಯಮ ಪಾಲಿಸುವಂತೆ ಸೂಚಿಸಬೇಕೆಂದು ಕೋರುತ್ತೇನೆ. ಪ್ರಾಂಪ್ಟ್‌ನ ಡಾಲರ್ ಚಿಹ್ನೆಯನ್ನು ಆ ಚೌಕಟ್ಟಿನಿಂದ ಹೊರಗಿಟ್ಟರೆ ಇನ್ನೂ ಒಳ್ಳೆಯದು.

ಇತಿ,
ಯೂನಿಕ್ಸ್ ಬೋಧಕರು, ಹಾಸನ